ಚಿಕ್ಕ ಹಳ್ಳಿಗಳಲ್ಲಿ ಕುಡಿದು ಗಾಡಿ ಓಡಿಸುವುದನ್ನು ಜನ ಯಾಕೆ ಸಹಿಸಿಕೊಳ್ಳುತ್ತಾರೆ?

ಮುಖ್ಯ ಕಾರಣ, ಕುಡಿದವನು ಎಲ್ಲರಿಗೂ ಬೇಕಾದವನು. ದೂರು ಕೊಟ್ಟರೆ ಯಾರು ಕೊಟ್ಟಿದ್ದು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ನಾಳೆ ಅವನ ಹತ್ತಿರವೇ ಸಹಾಯ ಕೇಳಬೇಕಾಗಬಹುದು, ಅಲ್ವಾ? ಲೈಸೆನ್ಸ್ ಹೋದರೆ ಅವನ ದುಡಿಮೆಯೂ ಹೋಗುತ್ತದೆ ಅನ್ನುವ ಕನಿಕರ ಬೇರೆ. ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತಾರೆ.

ಜೊತೆಗೆ ರಾತ್ರಿ ಬಸ್ಸಿಲ್ಲ, ಟ್ಯಾಕ್ಸಿ ಇಲ್ಲ, ಪೊಲೀಸರ ತಪಾಸಣೆಯೂ ಅಪರೂಪ. ಐರ್ಲೆಂಡಿನ ಕೆರಿ ಕೌಂಟಿಯ ಸ್ಥಳೀಯ ಕೌನ್ಸಿಲ್ 2013ರಲ್ಲಿ ಒಂದು ನಿರ್ಣಯವನ್ನೇ ಪಾಸು ಮಾಡಿತ್ತು. ದೂರದ ಒಂಟಿ ಮನೆಗಳಲ್ಲಿರುವ ಹಳ್ಳಿಗರಿಗೆ ಎರಡು ಮೂರು ಗ್ಲಾಸ್ ಕುಡಿದು ಗಾಡಿ ಓಡಿಸಲು ಪರವಾನಗಿ ಕೊಡಬೇಕಂತೆ! ಇಲ್ಲದಿದ್ದರೆ ಇವರು ಹೊರಗೆ ಹೋಗದೆ ಮನೆಯಲ್ಲೇ ಒಂಟಿಯಾಗಿಬಿಡುತ್ತಾರೆ ಅನ್ನುವುದು ಕೌನ್ಸಿಲ್‌ನವರ ವಾದ. ಆ ಒಂಟಿತನ ಸುಳ್ಳಲ್ಲ. ಆದರೆ ಅದಕ್ಕೆ ಇದು ಮದ್ದೇ? ಅಲ್ಲಿನ ಸರ್ಕಾರವೂ ಒಪ್ಪಲಿಲ್ಲ.

"ರಸ್ತೆ ಖಾಲಿ ಇರುತ್ತದೆ, ನಿಧಾನಕ್ಕೆ ಹೋಗುತ್ತಾನೆ ಬಿಡಿ" ಅನ್ನುವುದು ಸುಮ್ನೆ ಸಮಾಧಾನದ ಮಾತು. ಹಳ್ಳಿ ರಸ್ತೆ ಕಿರಿದು, ತಿರುವು ಜಾಸ್ತಿ, ದೀಪ ಕಡಿಮೆ. ನಡೆದು ಹೋಗುವವರಿಗೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಏನಾದರೂ ಆದರೆ ಆಂಬುಲೆನ್ಸ್ ಬರುವುದೂ ತಡ. ಕಾಫಿ ಕುಡಿದರೆ ಅಮಲು ಇಳಿಯುತ್ತದೆ ಅನ್ನುವವರೂ ಇದ್ದಾರೆ. ಇಲ್ಲ, ಲಿವರ್ ತನ್ನ ವೇಗದಲ್ಲೇ ಮದ್ಯವನ್ನು ಕರಗಿಸುತ್ತದೆ, ಅವಸರ ಮಾಡಿಸಲು ಆಗುವುದಿಲ್ಲ.

ಪೊಲೀಸರಿಗೆ ಹೇಳಲು ಮುಜುಗರವಾದರೆ ಕುಡಿಯುವ ಮೊದಲೇ ಕೀ ಇಸಿದುಕೊಳ್ಳಿ. ಕುಡಿಯದ ಒಬ್ಬರು ಎಲ್ಲರನ್ನೂ ಮನೆಗೆ ಬಿಡಲಿ. ಪರಿಚಯದವರು ಹೇಳಿದರೆ ಕೇಳುವವರೇ ಜಾಸ್ತಿ.