ಐದು ಕಂಪನಿ ಸಹಿ ಹಾಕಿವೆ, ಜನ ಕಳಿಸುತ್ತಿರುವುದು ಎರಡೇ: ಕಾರಣ ಮತ್ತು ದಾರಿ
ನಿಮ್ಮ ಕಾಲೇಜಿನ ಮೆಷಿನ್ ಮೇಂಟೆನೆನ್ಸ್ ತರಬೇತಿಗೆ ಐದು ಕಂಪನಿ ಸಹಿ ಹಾಕಿದರೂ ಎರಡೇ ಜನ ಕಳಿಸುತ್ತಿವೆ, ಮೂರು ಸುಮ್ಮನಿವೆ, ಯಾಕೆ ಅಂತ ಕೇಳಿದ್ದೀರಿ. ತೊಂದರೆ ನಿಮ್ಮ ಸಿಲಬಸ್‌ನಲ್ಲಿ ಇರಲಿಕ್ಕಿಲ್ಲ. ‘ನಾವು ಕಲಿಸಿದವನನ್ನು ಪಕ್ಕದ ಕಂಪನಿ ಎಳ್ಕೊಂಡು ಹೋದರೆ?’ ಅನ್ನುವ ಭಯ ಇದು. ಎಲ್ಲರೂ ಕೂತ ಮೀಟಿಂಗಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ವಾ?

ಮೊದಲು ಸುಮ್ಮನಿರುವ ಮೂರೂ ಕಂಪನಿಗೆ ಬೇರೆ ಬೇರೆಯಾಗಿ ಹೋಗಿ. ಎಚ್‌ಆರ್ ಜೊತೆ ಮಾತಾಡಿದರೆ ಸಾಲದು, ಮೇಂಟೆನೆನ್ಸ್ ಸೂಪರ್‌ವೈಸರ್ ಹತ್ತಿರ ಕೂರಿ. ಯಾವ ಮೆಷಿನ್ ಜಾಸ್ತಿ ನಿಲ್ಲುತ್ತದೆ, ರಿಪೇರಿಗೆ ಯಾರನ್ನು ಕರೆಸುತ್ತಾರೆ ಅಂತ ಕೇಳಿ. ಅಡ್ಡಿ ಆ ಭಯವೋ, ಕೆಲಸಗಾರನನ್ನು ಶಿಫ್ಟಿನಿಂದ ಬಿಡಿಸಿ ಕ್ಲಾಸಿಗೆ ಕಳಿಸುವ ಕಷ್ಟವೋ ಅಲ್ಲೇ ಗೊತ್ತಾಗುತ್ತದೆ. ಸಣ್ಣ ಕಂಪನಿಗಳಲ್ಲಿ ಎರಡನೆಯದೂ ಇರಬಹುದು.

ಭಯವೇ ಆದರೆ, ಕೋರ್ಸ್ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ಕಂಪನಿಗಳಿಗೆ ಹಂಚುವ ಪದ್ಧತಿ ಬಿಡಿ. ಶುರುವಿನಲ್ಲೇ ಕಂಪನಿಯವರು ಇಂಟರ್‌ವ್ಯೂ ಮಾಡಿ ತಮ್ಮ ವಿದ್ಯಾರ್ಥಿಯನ್ನು ಆರಿಸಿಕೊಳ್ಳಲಿ. 2010ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಟೊಯೋಟಾ ಮತ್ತು ಅಲ್ಲಿನ ಕಮ್ಯುನಿಟಿ ಕಾಲೇಜು ಶುರು ಮಾಡಿದ, ಈಗ ‘ಫೇಮ್’ ಅನ್ನುವ ಕಾರ್ಯಕ್ರಮ ಹೀಗೇ ನಡೆಯುತ್ತದೆ. ವಾರಕ್ಕೆ 2 ದಿನ ಕ್ಲಾಸು, 3 ದಿನ ಸಂಬಳದ ಕೆಲಸ, ಒಟ್ಟು 5 ಸೆಮಿಸ್ಟರ್. ಹುಡುಗ ಮೊದಲ ವಾರದಿಂದಲೇ ಆ ಕಂಪನಿಯವನು.

ಒಂದು ಎಚ್ಚರ. ‘ಒಬ್ಬರ ಕೆಲಸಗಾರನನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು’ ಅಂತ ಕಂಪನಿಗಳ ನಡುವೆ ಬರಹದಲ್ಲಾಗಲಿ ಬಾಯಿಮಾತಿನಲ್ಲಾಗಲಿ ಒಪ್ಪಂದ ಬೇಡ. ಕಂಪನಿಗಳ ನಡುವೆ ಪೈಪೋಟಿ ಉಳಿಸುವ ಅಮೆರಿಕದ ಆ್ಯಂಟಿಟ್ರಸ್ಟ್ ಕಾನೂನಿನಲ್ಲಿ ಅದು ಕ್ರಿಮಿನಲ್ ಕೇಸಿನ ತನಕ ಹೋಗಬಹುದು. ಯಾರಾದರೂ ಆ ಮಾತು ಎತ್ತಿದರೆ ಕಾಲೇಜಿನ ವಕೀಲರಿಗೆ ತೋರಿಸಿ.

ಶಿಫ್ಟೇ ಅಡ್ಡಿಯಾದರೆ ಕ್ಲಾಸಿನ ಎರಡು ದಿನ ಯಾವುದು ಅಂತ ಸೂಪರ್‌ವೈಸರ್‌ಗಳೇ ಆರಿಸಲಿ, ಆಮೇಲೆ ಇಡೀ ಸೆಮಿಸ್ಟರ್ ಅದನ್ನು ಬದಲಿಸಬೇಡಿ.