ಉಳಿತಾಯ ಇರುವುದು ಗೋದಲಿಯ ಬುಡದಲ್ಲಿ

ಪ್ರಶ್ನೆ: ಮಾಂಸಕ್ಕಾಗಿ ದನ ಸಾಕುವ ಕುಟುಂಬ ನಮ್ಮದು. 40 ತಾಯಿಹಸುಗಳಿವೆ. ಹಾಲು ಬಿಡಿಸಿದ ಮೇಲೆ ಕರುಗಳನ್ನು ಮಾರುತ್ತೇವೆ. ಖರ್ಚು ವರ್ಷವರ್ಷವೂ ಏರುತ್ತಿದೆ, ಕರುವಿನ ಬೆಲೆಯಂತೂ ನಮ್ಮ ಕೈಯಲ್ಲಿಲ್ಲ. ಖನಿಜ ಮಿಶ್ರಣ, ಲಸಿಕೆ ಎರಡನ್ನೂ ಒಂದು ವರ್ಷ ನಿಲ್ಲಿಸೋಣ ಎನ್ನುತ್ತಾನೆ ತಮ್ಮ. ದನಗಳ ಸಂಖ್ಯೆ ಹೆಚ್ಚಿಸಿದರೆ ತಲೆಗೆ ಬೀಳುವ ಖರ್ಚು ಇಳಿಯುತ್ತದೆ ಎನ್ನುತ್ತಾರೆ ಅಪ್ಪ. ಲೆಕ್ಕ ಬರೆಯುವವಳು ನಾನು. ಎಲ್ಲಿಂದ ಶುರು ಮಾಡಲಿ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಾಳೆ ಬೆಳಿಗ್ಗೆ ಒಂದು ತಕ್ಕಡಿ, ಒಂದು ಗೋಣಿಚೀಲ ಹಿಡಿದು ಮೇವು ಹಾಕುವ ಜಾಗಕ್ಕೆ ಹೋಗಿ.

ನಾನು ಈ ಪಾಠ ಕಲಿತದ್ದು ಜಾರಿ ಬಿದ್ದು. ಹಿಂಡಿ ದುಬಾರಿಯಾಯಿತೆಂದು ತಿಂಗಳುಗಟ್ಟಲೆ ಗೊಣಗುತ್ತಿದ್ದ ಕಾಲ. ಒಂದು ಮುಂಜಾನೆ ಗೋದಲಿಯ ಬುಡದಲ್ಲಿ ಕಾಲು ಜಾರಿತು. ಬಿದ್ದದ್ದು ಹಾಸಿಗೆಯ ಮೇಲೆ ಬಿದ್ದಷ್ಟು ಮೆತ್ತಗಿತ್ತು, ನೋವೇ ಆಗಲಿಲ್ಲ. ಎದ್ದು ಕೈಯಿಂದ ಕೆದಕಿದೆ. ಮೇಲೆ ಸಗಣಿ, ಗಂಜಲದಲ್ಲಿ ನೆಂದು ಕಪ್ಪಾದ ಪದರ, ಅದರ ಕೆಳಗೆ ಹಸಿರು ಇನ್ನೂ ಮಾಸದ, ಮೂಗಿಗೆ ಹಿಡಿದರೆ ಘಮ್ಮೆನ್ನುವ ಹುಲ್ಲು. ಆ ವಾರವೆಲ್ಲ ಕೆಳಗೆ ಬಿದ್ದದ್ದನ್ನು ಬಾಚಿ, ಬಿಸಿಲಿಗೆ ಒಣಗಿಸಿ ತೂಗಿದೆ. ಹಾಕಿದ ಪ್ರತಿ 100 ಕಿಲೋದಲ್ಲಿ 27 ಕಿಲೋ ದನದ ಬಾಯಿಗೆ ಹೋಗಿಯೇ ಇರಲಿಲ್ಲ. ಅದರ ಮೇಲೆ ಅವು ಮಲಗುತ್ತಿದ್ದವು. ಹೆಂಡತಿ ಇಣುಕಿ ನೋಡಿ, ‘ಇಷ್ಟು ಬೆಲೆಯ ಹಾಸಿಗೆ ನಮಗೂ ಇಲ್ಲ’ ಎಂದಳು.

ಇಂಥ ಫಾರಮ್‌ನಲ್ಲಿ ಖರ್ಚಿನ ದೊಡ್ಡ ಪಾಲು ಮೇವಿನದೇ. ಹಾಗಾಗಿ ಬಣವೆಗೂ ಬಾಯಿಗೂ ನಡುವೆ ಏನು ಸೋರುತ್ತದೆ ಎಂಬುದನ್ನು ಮೊದಲು ನೋಡಬೇಕು. ಗೋದಲಿಯ ವಿನ್ಯಾಸವೊಂದರಿಂದಲೇ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಅಳೆದು 2003ರಲ್ಲಿ ಪ್ರಕಟಿಸಿದ್ದಾರೆ. ಬೇಲನ್ನು, ಅಂದರೆ ಯಂತ್ರದಲ್ಲಿ ಒತ್ತಿ ಕಟ್ಟಿದ ಹುಲ್ಲಿನ ಹೊರೆಯನ್ನು, ನಡುವೆ ಎತ್ತಿ ಹಿಡಿಯುವ, ಆಲಿಕೆಯಾಕಾರದ ಸರಳುಗಳಿದ್ದ ಗೋದಲಿಯಲ್ಲಿ ಶೇಕಡಾ 3.5ರಷ್ಟು ಹುಲ್ಲು ಹಾಳಾಯಿತು. ಸಾದಾ ದುಂಡು ಗೋದಲಿಯಲ್ಲಿ 6.1, ಗಾಡಿಯಂಥದ್ದರಲ್ಲಿ 11.4, ತೊಟ್ಟಿಲಿನಂಥದ್ದರಲ್ಲಿ 14.6. ನಾನು ಗೋದಲಿಯ ಕೆಳಭಾಗಕ್ಕೆ ಹಳೆಯ ತಗಡು ಬಡಿಸಿ, ಒಮ್ಮೆಗೆ ಎರಡು ದಿನದ ಮೇವು ಸುರಿಯುವ ಚಟ ಬಿಟ್ಟೆ. ಬೇರೇನೂ ಮಾಡಲಿಲ್ಲ.

ಬೇಲ್‌ಗಳನ್ನು ಬಯಲಲ್ಲಿ ಇಡುತ್ತೀರಾ? ಒಂದೂವರೆ ಮೀಟರ್ ಅಡ್ಡಳತೆಯ ದುಂಡು ಬೇಲ್‌ನಲ್ಲಿ ಹೊರಗಿನ 15 ಸೆಂಟಿಮೀಟರ್ ಕೊಳೆತರೆ ‘ಸಿಪ್ಪೆ ತಾನೇ ಹೋದದ್ದು’ ಎನಿಸುತ್ತದೆ. ಆ ಸಿಪ್ಪೆಯಲ್ಲಿ ಇಡೀ ಬೇಲಿನ ಶೇಕಡಾ 36 ಹುಲ್ಲಿರುತ್ತದೆ. ಲೆಕ್ಕ ಹಾಕಿ ನೋಡಿ, ನಾನು ಮೂರು ಸಲ ಹಾಕಿದೆ. ನೆಲದ ತೇವ ತಾಕದಂತೆ ಕಲ್ಲುಹಾಸಿನ ಮೇಲೋ ಹಲಗೆಯ ಮೇಲೋ ಇಟ್ಟು, ಮೇಲೆ ಟಾರ್ಪಾಲು ಹೊದಿಸಿ.

ಇನ್ನು ತಮ್ಮನ ಸಲಹೆ. ಲಸಿಕೆಯನ್ನು ಮುಟ್ಟಬೇಡಿ. ಖನಿಜವನ್ನೂ ನಿಲ್ಲಿಸಬೇಡಿ. ರಂಜಕವೋ ತಾಮ್ರವೋ ಕಡಿಮೆಯಾದ ಹಸು ನೋಡಲು ಚೆನ್ನಾಗಿಯೇ ಇರುತ್ತದೆ, ಗಬ್ಬ ಮಾತ್ರ ನಿಲ್ಲುವುದಿಲ್ಲ. ಉಳಿಸಿದ ಹಣದ ಬಿಲ್ಲು ಒಂದು ವರ್ಷ ತಡವಾಗಿ ಬರುತ್ತದೆ. ಆದರೆ ಅಳತೆ ನೋಡಿ. ದಿನಕ್ಕೆ ಹಸುವಿಗೆ 100 ಗ್ರಾಂ ಎಂದು ಚೀಲದ ಮೇಲಿದ್ದರೆ, ಚೀಲ ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. 200 ಗ್ರಾಂ ನೆಕ್ಕುತ್ತಿದ್ದರೆ ತೊಟ್ಟಿಯನ್ನು ನೀರಿನ ಜಾಗದಿಂದ ದೂರಕ್ಕೆ ಸರಿಸಿ. ತಮ್ಮನಿಗೆ ಕತ್ತರಿ ಆಡಿಸಲೇಬೇಕಿದ್ದರೆ ಜಂತುಹುಳುವಿನ ಔಷಧಿ ತೋರಿಸಿ. ಬೆಳೆದ ಹಸುಗಳಿಗೆಲ್ಲ ಕ್ಯಾಲೆಂಡರ್ ನೋಡಿ ಕುಡಿಸುವ ಬದಲು ಸಗಣಿ ಪರೀಕ್ಷೆ ಮಾಡಿಸಿ, ಬೇಕಾದವಕ್ಕೆ ಮಾತ್ರ, ತೂಕಕ್ಕೆ ತಕ್ಕಷ್ಟು ಕೊಡಲಿ. ಕಡಿಮೆ ಕೊಟ್ಟರೆ ಹುಳುಗಳೇ ಔಷಧಿಗೆ ಒಗ್ಗಿಕೊಳ್ಳುತ್ತವೆ.

ಅಪ್ಪನ ಮಾತು ಅರ್ಧ ನಿಜ. ಹುಲ್ಲುಗಾವಲಿನಲ್ಲಿ ಹುಲ್ಲು ಮಿಕ್ಕುತ್ತಿದ್ದರೆ ಹಸು ಹೆಚ್ಚಲಿ. ಈಗಲೇ ಹುಲ್ಲು ಕೊಳ್ಳುತ್ತಿದ್ದರೆ, ಬರುವ ಪ್ರತಿ ಹೊಸ ಹಸುವೂ ಕೊಂಡ ಹುಲ್ಲನ್ನೇ ತಿನ್ನುತ್ತದೆ. ನೀವು ಬರೆಯುವ ಲೆಕ್ಕವನ್ನೂ ಸ್ವಲ್ಪ ತಿರುಗಿಸಿ. ತಲೆಗೆಷ್ಟು ಖರ್ಚು ಎಂಬ ಸಂಖ್ಯೆ ದಾರಿ ತಪ್ಪಿಸುತ್ತದೆ. ಹೋರಿಯೊಂದಿಗೆ ಬಿಟ್ಟ ಹಸುಗಳೆಷ್ಟು, ಕೊನೆಗೆ ಹಾಲು ಬಿಡಿಸಿದ ಕರುಗಳ ಒಟ್ಟು ತೂಕವೆಷ್ಟು, ಆ ಒಂದು ಕಿಲೋಗೆ ತಗುಲಿದ್ದೆಷ್ಟು, ಈ ಮೂರನ್ನು ಒಂದೇ ಪುಟದಲ್ಲಿ ಬರೆಯಿರಿ. ಅಪ್ಪನ ಜೊತೆ ವಾದ ಮಾಡುವ ಅಗತ್ಯವೇ ಬೀಳದು.

ಪ್ರಶ್ನೆ: ಅಮ್ಮ ಬಾಟಲಿ ಹಾಲು ಕುಡಿಸಿ ಬೆಳೆಸಿದ ಹಸು ಈ ಬಾರಿ ಗಬ್ಬ ನಿಂತಿಲ್ಲ. ಆರು ಕರು ಕೊಟ್ಟಿದೆ. ಒಂದು ವರ್ಷ ಕಾಯಬಹುದೇ?

ಉತ್ತರ: ಪ್ರೀತಿಗೆ ಕಾಯುವುದಾದರೆ ಕಾಯಿರಿ, ಆದರೆ ಅದನ್ನು ಫಾರಮ್‌ನ ಲೆಕ್ಕಕ್ಕೆ ಸೇರಿಸದೆ ಮನೆಖರ್ಚಿಗೆ ಬರೆದುಕೊಳ್ಳಿ. 500 ಕಿಲೋ ತೂಗುವ ಹಸು ದಿನಕ್ಕೆ ಸುಮಾರು 11 ಕಿಲೋ ಒಣಮೇವಿನಷ್ಟು ತಿನ್ನುತ್ತದೆ. ವರ್ಷಕ್ಕೆ 4 ಟನ್. ಅಷ್ಟನ್ನು ತಿಂದು ಒಂದೂ ಕರು ಕೊಡದ ಹಸುವಿನ ಹೊರೆ ಉಳಿದವುಗಳ ಕರುಗಳ ಮೇಲೆ ಬೀಳುತ್ತದೆ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲು ನನಗೆ ಹೆಚ್ಚು ಕುತೂಹಲ ಹುಟ್ಟಿಸಿತು: ‘ಕಳೆದ ಬಾರಿ ಎಲ್ಲಕ್ಕಿಂತ ತಡವಾಗಿ ಕರು ಹಾಕಿತ್ತು.’ ಗಬ್ಬದ ಅವಧಿ ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 82 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಬೆದೆ ಬರುವುದು 21 ದಿನಕ್ಕೊಮ್ಮೆ. ಗರ್ಭಕೋಶ ಸುಧಾರಿಸಿಕೊಳ್ಳುವ ದಿನಗಳನ್ನು ಕಳೆದರೆ ಹಸುವಿಗೆ ಸಿಗುವುದು ಹೆಚ್ಚೆಂದರೆ ಎರಡು ಅವಕಾಶ. ತಡವಾಗಿ ಹಾಕಿದ್ದು ಮತ್ತಷ್ಟು ತಡವಾಗುತ್ತದೆ, ಒಂದು ವರ್ಷ ತಪ್ಪಿಯೇ ಹೋಗುತ್ತದೆ.

ಅದು ಬಡಕಲಾಗಿತ್ತೇ ಎಂದೂ ಯೋಚಿಸಿ. ಕಣ್ಣನ್ನು ನಂಬಬೇಡಿ, ದಟ್ಟ ರೋಮದ ದನ ತೆಳ್ಳಗಿದ್ದರೂ ದುಂಡಗೆ ಕಾಣುತ್ತದೆ. ಅಂಗೈಯನ್ನು ಪಕ್ಕೆಯ ಮೇಲಿಟ್ಟು ಮೆಲ್ಲಗೆ ಒತ್ತಿ. ಮುಚ್ಚಿದ ಮುಷ್ಟಿಯ ಗೆಣ್ಣು ಸವರಿದಂತೆ ಎಲುಬುಗಳು ಒಂದೊಂದಾಗಿ ಕೈಗೆ ತಾಕಿದರೆ ಹಸು ಸೊರಗಿದೆ. ಮೈಕಟ್ಟನ್ನು 1ರಿಂದ (ತೀರಾ ಬಡಕಲು) 9ರವರೆಗೆ (ತೀರಾ ದಪ್ಪ) ಅಳೆಯುತ್ತಾರೆ; ಕರು ಹಾಕುವ ಹೊತ್ತಿಗೆ 5 ಇರಬೇಕು, ಚೊಚ್ಚಲಿಗೆ 6 ಇದ್ದರೆ ಒಳ್ಳೆಯದು. ಸೊರಗಿದವನ್ನೂ ಚೊಚ್ಚಲು ಕಡಸುಗಳನ್ನೂ ಬೇರೆ ಮಾಡಿ ಒಳ್ಳೆಯ ಹುಲ್ಲು ಅವಕ್ಕೆ ಹಾಕಿ. ಒಂದೇ ಗೋದಲಿಯಲ್ಲಿ ದಪ್ಪಗಿನ ಗಯ್ಯಾಳಿಗಳು ತಿಂದು, ಬೇಕಾದವು ನಿಂತು ನೋಡುತ್ತಿರುತ್ತವೆ.

ಪ್ರಶ್ನೆ: ಯೂರಿಯಾ ಹಾಕಿದರೆ ಒಣಹುಲ್ಲಿನ ಗುಣ ಹೆಚ್ಚುತ್ತದೆಯಂತೆ. ನಮ್ಮ ಬಳಿ ಒಳ್ಳೆಯ ಹುಲ್ಲೂ ಇದೆ, ಅದಕ್ಕೂ ಹಾಕಲೇ?

ಉತ್ತರ: ಖಂಡಿತ ಬೇಡ! ಬರೀ ಒರಟು ಹುಲ್ಲಿಗೆ ಮಾತ್ರ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ 21 ದಿನ ಮುಚ್ಚಿಡಿ. ತೆಗೆದ ಮೇಲೆ ಕಣ್ಣುರಿಸುವ ವಾಸನೆ ಹೋಗುವವರೆಗೆ ಗಾಳಿಗೆ ಹರಡಿ. ಸಕ್ಕರೆಯಂಶ ಹೆಚ್ಚಿರುವ ಒಳ್ಳೆಯ ಹುಲ್ಲು ಯೂರಿಯಾದಿಂದ ಹುಟ್ಟುವ ಅಮೋನಿಯಾದೊಂದಿಗೆ ಸೇರಿದರೆ ವಿಷವಾಗಬಹುದು. ಅದನ್ನು ತಿಂದ ದನಗಳು ಹುಚ್ಚೆದ್ದು ಓಡಿ ಬೇಲಿಗೆ ಬಡಿದುಕೊಳ್ಳುತ್ತವೆ, ಹಾಲಿನ ಮೂಲಕ ಕರುವಿಗೂ ತಟ್ಟುತ್ತದೆ. ಕರಗಿಸಿದ ಬಕೆಟ್ಟನ್ನು ದನಕ್ಕೆ ಎಟುಕುವಲ್ಲಿ ಒಂದು ಗಳಿಗೆಯೂ ಬಿಡಬೇಡಿ. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಬೇಡ.

ಪ್ರಶ್ನೆ: ಬೇಲರ್ ಯಂತ್ರ ಕೊಳ್ಳುವುದೋ, ಬಾಡಿಗೆಗೆ ಕರೆಸುವುದೋ?

ಉತ್ತರ: ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಬರೆಯಿರಿ. ಬೆಲೆಯ ಜೊತೆ ಬಡ್ಡಿ, ಸವಕಳಿ, ರಿಪೇರಿ ಸೇರಿಸಿ ಗಂಟೆಗಳಿಂದ ಭಾಗಿಸಿ, ಬಾಡಿಗೆಯ ಪಕ್ಕದಲ್ಲಿಟ್ಟು ನೋಡಿ. ಮಳೆಗೆ ಮುಂಚೆ ಬಾಡಿಗೆಯ ಯಂತ್ರ ಬರುತ್ತದೆಂಬ ಭರವಸೆ ಇಲ್ಲದಿದ್ದರೆ ಇಬ್ಬರು ಮೂವರು ಸೇರಿ ಕೊಳ್ಳಬಹುದು, ಗ್ರೀಸ್ ಹಾಕುವವರು ಯಾರೆಂದು ಮೊದಲೇ ಬರೆದಿಟ್ಟುಕೊಂಡರೆ. ನಾನು ಈ ಲೆಕ್ಕವನ್ನು ಕೊಂಡ ಮೇಲೆ ಹಾಕಿದೆ. ನನ್ನ ಬೇಲರ್‌ನಲ್ಲಿ ಈಗ ಕೋಳಿಗಳು ಮೊಟ್ಟೆಯಿಡುತ್ತಿವೆ.