ಸಂಪಾದಕರ ಉತ್ತರ: ರಜೆಯ ಲೆಕ್ಕಕ್ಕೆ ವರ್ಕ್‌ಬುಕ್ಕೇ ಬೇಕಾ?

ಕುಮಟಾದಿಂದ ಬರೆದ ಅಮ್ಮನಿಗೆ ನಮಸ್ಕಾರ. ನಿಮ್ಮ ಪತ್ರ ಉದ್ದ ಇತ್ತು, ಪೂರ್ತಿ ಹಾಕ್ಲಿಕ್ಕೆ ಜಾಗ ಸಾಕಾಗ್ಲಿಲ್ಲ, ಹಾಗಾಗಿ ಉಳಿದ ಓದುಗರಿಗೆ ಚುಟುಕಾಗಿ ಹೇಳ್ಬಿಡ್ತೇನೆ. ಮಾಣಿ ಐದನೇ ಕ್ಲಾಸ್ ಮುಗಿಸಿ ಆರಕ್ಕೆ ಹೋಗ್ತಿದ್ದಾನೆ, ಭಿನ್ನರಾಶಿ ಅಂದ ಕೂಡ್ಲೇ ಅವನಿಗೆ ಹೊಟ್ಟೆನೋವು ಬರ್ತದೆ. ಕೂಸಿಗೆ ಮೂರನೇ ಕ್ಲಾಸು, ಲೆಕ್ಕ ಇಷ್ಟವೇ ಇತ್ತು, ಈಗ ಅಣ್ಣನನ್ನ ನೋಡಿ ಅವಳೂ ಮುಖ ಸಿಂಡರಿಸ್ತಾಳೆ. ದಿನಕ್ಕೆ ಎರಡು ಪೇಜ್ ಅಂತ ನೀವು ತಂದ ವರ್ಕ್‌ಬುಕ್ ಅಕ್ಕಿ ಡಬ್ಬಿ ಹಿಂದೆ ಸಿಕ್ತು. ಅಬಾಕಸ್ ಕ್ಲಾಸಿಗೆ ಹಾಕ್ಲಾ, ಮೊಬೈಲಲ್ಲಿ ಆಪ್ ಹಾಕಿ ಕೊಡ್ಲಾ, ಇಲ್ಲಾ ರಜೆ ಅಂತ ಬಿಟ್ಟೇಬಿಡ್ಲಾ ಅನ್ನೋದು ನಿಮ್ಮ ಪ್ರಶ್ನೆ. ಮೇ ತಿಂಗಳಲ್ಲಿ ಎರಡು ವಾರ ಶಿರಸಿ ಹತ್ರ ಅಜ್ಜನಮನೆಗೆ ಹೋಗ್ತಾರೆ ಅಂತನೂ ಕೊನೆಗೆ ಬರ್ದಿದ್ದೀರಿ, ನಂಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸಾಲು ಅದೇ.

ವರ್ಕ್‌ಬುಕ್ ಡಬ್ಬಿ ಹಿಂದೆಯೇ ಇರ್ಲಿ. ಅದ್ರಲ್ಲಿ ಲೆಕ್ಕ ಮಾಡಿದ ಮೇಲೆ ಸರಿನಾ ತಪ್ಪಾ ಹೇಳೋರು ಯಾರು, ನೀವೇ ತಾನೆ? ವರ್ಷವಿಡೀ ಟೀಚರ್ ಮಾಡಿದ ಕೆಲಸವನ್ನ ರಜೆಯಲ್ಲಿ ಅಮ್ಮ ಮಾಡಿದ್ರೆ ಮಾಣಿಗೆ ಅದೂ ಶಾಲೆಯೇ, ಯೂನಿಫಾರ್ಮ್ ಇಲ್ಲ ಅಷ್ಟೇ. ನನ್ನ ಕೇಳಿದ್ರೆ, ಉತ್ತರ ತಪ್ಪಿದ್ರೆ ಅದನ್ನ ಚಾಪೆ ಹೇಳ್ಬೇಕು, ತಕ್ಕಡಿ ಹೇಳ್ಬೇಕು, ನಾಲಿಗೆ ಹೇಳ್ಬೇಕು, ನೀವು ಸುಮ್ನಿರ್ಬೇಕು. ಸುಮ್ನಿರೋದೇ ಕಷ್ಟ, ಗೊತ್ತು.

ಚಾಪೆ ಅಂದೆ ಅಲ್ವಾ, ಅಜ್ಜನಮನೆಯಲ್ಲಿ ಮೇ ಅಂದ್ರೆ ಹಲಸಿನಕಾಯಿ ಹಪ್ಪಳದ ಕಾಲ. ದೊಡ್ಡವರು ಹಿಟ್ಟು ಕುಟ್ಟಿ ಉಂಡೆ ಮಾಡಿ ಒತ್ತಿ ಕೊಡ್ತಾರೆ, ಮಕ್ಕಳಿಗೆ ಚಾಪೆ ಮೇಲೆ ಹರಡೋದು, ಕಾಗೆ ಕಾಯೋದು. ಆಗ ಮಾಣಿ ಹತ್ರ ಒಂದೇ ಮಾತು ಕೇಳಿ, ಈ ಚಾಪೆಗೆ ಎಷ್ಟು ಹಪ್ಪಳ ಹಿಡಿಸ್ತದೆ? ಮೊದ್ಲು ಅಂದಾಜು ಹೇಳ್ಲಿ, ಅದನ್ನ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೀಲಿ, ಆಮೇಲೆ ಒಂದು ಹಿಡಿಕಡ್ಡಿಯನ್ನ ಹಪ್ಪಳದ ಅಗಲಕ್ಕೆ ಮುರ್ಕೊಂಡು ಚಾಪೆ ಅಳೀಲಿ. ಚಾಪೆ 6 ಅಡಿ ಉದ್ದ 4 ಅಡಿ ಅಗಲ, ಹಪ್ಪಳ ಅರ್ಧ ಅಡಿ ಅಂತ ಇಟ್ಕೊಳ್ಳಿ, ಉದ್ದಕ್ಕೆ 12, ಅಗಲಕ್ಕೆ 8, ಒಟ್ಟು 96. ಇಷ್ಟು ಆದ ಮೇಲೆ ಅಜ್ಜಿ ಕೈಯಲ್ಲಿ ಇನ್ನೂ ನಾಲ್ಕೈದು ಹಪ್ಪಳ ಉಳೀತು, ಬೇರೆ ಚಾಪೆ ಇಲ್ಲ, ಏನ್ ಮಾಡೋದು ಅಂತ ಕೇಳಿ ನೀವು ಒಳಗೆ ಹೋಗಿ. ಎರಡನೇ ಸಾಲನ್ನ ಮೊದಲ ಸಾಲಿನ ಸಂದಿಗೆ ಕೂರಿಸಿದ್ರೆ ಆ ಸಾಲಲ್ಲಿ 11 ಮಾತ್ರ ಹಿಡಿಸ್ತದೆ, ಲುಕ್ಸಾನು ಅಂತ ಕಾಣ್ತದೆ, ಆದ್ರೆ ಸಾಲು ಸಾಲು ಹತ್ರ ಬಂತು ನೋಡಿ, 6 ಇಂಚಿಗೆ ಒಂದು ಸಾಲು ಇದ್ದದ್ದು ಈಗ ಸುಮಾರು 5.2 ಇಂಚಿಗೇ ಆಯ್ತು, 8 ಸಾಲು ಇದ್ದಲ್ಲಿ 9 ಸಾಲು. 12ರ ಐದು, 11ರ ನಾಲ್ಕು, ಒಟ್ಟು 104. ಅದೇ ಚಾಪೆಗೆ ಎಂಟು ಹಪ್ಪಳ ಜಾಸ್ತಿ! ಕೈಯಲ್ಲಿ ಒತ್ತಿದ ಹಪ್ಪಳ ಎಲ್ಲಾ ಒಂದೇ ಅಳತೆ ಇರೂದಿಲ್ಲ, ಒಂದೆರಡು ಹೆಚ್ಚುಕಮ್ಮಿ ಆಗ್ತದೆ, ಸರಿಯಾಗಿ ನೋಡ್ಬೇಕು ಅಂದ್ರೆ ರಟ್ಟಲ್ಲಿ ಕತ್ತರಿಸಿದ ಚಕ್ರ ಇಟ್ಟು ನೋಡ್ಲಿ. ಈ 5.2 ಎಲ್ಲಿಂದ ಬಂತು ಅಂತ ಈಗ ಹೇಳ್ಲಿಕ್ಕೆ ಹೋಗ್ಬೇಡಿ, ಮೂರು ಹಪ್ಪಳದ ನಡುಬಿಂದು ಸೇರ್ಸಿ ತ್ರಿಕೋನ ಎಳೆದು ಇಟ್ಕೊಳ್ಲಿ, ಪೈಥಾಗೊರಸ್ ಪಾಠ ಬಂದಾಗ ಅವನೇ ಹುಡುಕ್ತಾನೆ.

ಭಿನ್ನರಾಶಿಗೆ ಪಾನಕ ಸಾಕು. ನಾಲ್ಕು ಜನಕ್ಕೆ ಅರ್ಧ ಲೋಟ ಬೆಲ್ಲ, ಇವತ್ತು ಆರು ಜನ ಇದ್ದೇವೆ, ನೀನೇ ಮಾಡು ಅನ್ನಿ. ಒಂದು ಲೋಟ ಸುರಿದ್ರೆ ಯಾರೂ ಕುಡಿಯೂದಿಲ್ಲ, ಮುಕ್ಕಾಲು ಅಂತ ಮರುದಿನ ಅವನಿಗೇ ಗೊತ್ತಾಗ್ತದೆ. ಅಜ್ಜ ಎಂಬತ್ತರ ಆಚೆ ಇದ್ರೆ ಇನ್ನೂ ಒಳ್ಳೇದು, ಈ ಜಿಲ್ಲೆ 1956ರ ತನಕ ಮುಂಬಯಿಗೆ ಸೇರಿತ್ತಲ್ಲ, ಆಗ ಕನ್ನಡ ಶಾಲೆ ಕಲ್ತವರಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಗೆ ಬರೋರು ಇನ್ನೂ ಇದ್ದಾರೆ, ಹದಿನಾರರ ಮುಕ್ಕಾಲು ಎಷ್ಟು ಅಂದ್ರೆ ಅಡಿಕೆ ಸುಲಿತಾ ಹನ್ನೆರಡು ಅಂತಾರೆ. ಮಗ್ಗಿ ಮಾತ್ರ ಬಾಯಿಪಾಠ ಆಗ್ಲೇಬೇಕು, ಈ ವಿಷ್ಯದಲ್ಲಿ ನಾನೂ ಹಳೇ ಕಾಲದವನೇ.

ಕುಮಟೆಯಲ್ಲಿ ಇರೋ ದಿನ ಸಮುದ್ರಕ್ಕೆ ಕೆಲಸ ಕೊಡಿ. ತದಡಿ ಧಕ್ಕೆಗೋ ಅಘನಾಶಿನಿ ದಡಕ್ಕೋ ಕರ್ಕೊಂಡು ಹೋಗಿ (ನೀವು ಜೊತೆಗೆ ಇರ್ಬೇಕು, ಮಕ್ಕಳನ್ನೇ ಕಳಿಸ್ಬೇಡಿ), ಭರತ, ಅಂದ್ರೆ ಸಮುದ್ರದ ನೀರಿನ ಏರಿಕೆ, ಪೂರ್ತಿ ಬಂದ ಟೈಮ್ ಬರೆದಿಡ್ಲಿ. ಮರುದಿನ ಅದು ಸುಮಾರು 50 ನಿಮಿಷ ತಡ, ಯಾಕಂದ್ರೆ ಭೂಮಿ ಒಂದು ಸುತ್ತು ತಿರುಗೋದ್ರೊಳಗೆ ಚಂದ್ರ ಸ್ವಲ್ಪ ಮುಂದೆ ಹೋಗಿರ್ತಾನೆ, ಅವನನ್ನ ಹಿಡೀಲಿಕ್ಕೆ ಇನ್ನಷ್ಟು ತಿರುಗ್ಬೇಕು. ಹಾಗಾದ್ರೆ ಬರೋ ಭಾನುವಾರ ಎಷ್ಟು ಗಂಟೆಗೆ ಭರತ? ಲೆಕ್ಕ ಹಾಕಿ ಹೋಗಿ ನೋಡ್ಲಿ, ಸ್ವಲ್ಪ ಹಿಂದೆಮುಂದೆ ಆದ್ರೂ ಅಡ್ಡಿಲ್ಲ. ದಿನಕ್ಕೆ 50ರಂತೆ 15 ದಿನಕ್ಕೆ 750 ನಿಮಿಷ, ಅಂದ್ರೆ ಹನ್ನೆರಡೂವರೆ ತಾಸು, ಭರತ ದಿನಕ್ಕೆ ಎರಡು ಸಲ ಬರೋದ್ರಿಂದ ಪಕ್ಷ ಕಳೆದ ಮೇಲೆ ಗಡಿಯಾರದಲ್ಲಿ ಹೆಚ್ಚುಕಡಿಮೆ ಅದೇ ಟೈಮು. ದೋಣಿಯವರು ತಿಥಿ ನೋಡಿ ನೀರು ಯಾವಾಗ ಏರ್ತದೆ ಅಂತ ಹೇಳ್ತಾರಲ್ಲ, ಅದ್ರ ಗುಟ್ಟು ಇದೇ.

ಕರೆಂಟ್ ಹೋದ ರಾತ್ರಿಗೆ ಚೌಕಾಬಾರ. ಕವಡೆ ಇಲ್ಲದಿದ್ರೆ ನಾಲ್ಕು ಹುಣಸೆಬೀಜ ಕಲ್ಲಿಗೆ ತಿಕ್ಕಿ ಒಂದು ಬದಿ ಬಿಳಿ ಮಾಡಿ, ಬಿಳಿ ಮೇಲಾಗಿ ಬಿದ್ದಷ್ಟು ಗರ, ಒಂದೂ ಬೀಳದಿದ್ರೆ ಎಂಟು. ಯಾವ ಗರ ಜಾಸ್ತಿ ಬೀಳ್ತದೆ ಅಂತ ಕೂಸು ನೂರು ಸಲ ಎಸೆದು ಗೆರೆ ಹಾಕ್ಲಿ. ನಾಲ್ಕು ಬೀಜ ಬೀಳೋ ರೀತಿ 16, ಅದ್ರಲ್ಲಿ ಎರಡು ಬೀಳೋದು 6 ರೀತಿ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು ರೀತಿ, ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ. ಬೀಜ ಓರೆಕೋರೆ ಇದ್ರೆ ಲೆಕ್ಕ ತಪ್ಪುತ್ತೆ, ಆಗ ಯಾವ ಬೀಜ ಮೋಸದ್ದು ಅಂತ ಇಬ್ರೂ ಜಗಳ ಆಡ್ತಾರೆ, ಆಡ್ಲಿ ಬಿಡಿ.

ಅಬಾಕಸ್ ಬೇಡ ಅಂತ ಹೇಳೂದಿಲ್ಲ, ಕೂಡೋ ಕಳೆಯೋ ಸ್ಪೀಡ್ ಬರ್ತದೆ, ಆದ್ರೆ ಮಾಣಿಯ ತೊಂದರೆ ಸ್ಪೀಡಿಂದಲ್ಲ, ಹೆದ್ರಿಕೆದು, ಈ ರಜೆಗೆ ದುಡ್ಡು ಕಟ್ಬೇಡಿ. ಆಪ್ ಅಂತೂ ಸ್ಟಾರ್ ಕೊಡ್ತದೆ, ಮಕ್ಕಳು ಸ್ಟಾರಿಗೋಸ್ಕರ ಒತ್ತುತಾ ಇರ್ತಾರೆ.

ಕೊನೆಗೆ ಉಪ್ಪಿನದ್ದೊಂದು. ಸಾಣಿಕಟ್ಟೆಯ ಉಪ್ಪಿನ ಗದ್ದೆಯಲ್ಲಿ ಆಗೋದನ್ನೇ ನಿಮ್ಮ ತಾರಸಿ ಮೇಲೆ ಮಾಡ್ಬಹುದು. ಗೋಕರ್ಣದ ಕಡೆ ಹೋದಾಗ ಒಂದು ಲೀಟರ್ ಸಮುದ್ರದ ನೀರು ತಂದು, ಬಟ್ಟೆಯಲ್ಲಿ ಸೋಸಿ, ಅಗಲದ ಗಾಜಿನ ತಟ್ಟೆಯಲ್ಲಿ ಬಿಸಿಲಿಗೆ ಇಡಿ. ಪೂರ್ತಿ ಒಣಗಿದ ಮೇಲೆ ತೂಗಿದ್ರೆ ಸುಮಾರು 35 ಗ್ರಾಂ ಸಿಗ್ಬೇಕು, ಹಾಗಾದ್ರೆ ಒಂದು ಕಿಲೋಗೆ ಎಷ್ಟು ಲೀಟರ್ ಬೇಕು ಅಂತ ಮಾಣಿ ಹೇಳ್ಲಿ, 29ರ ಹತ್ರ ಬಂದ್ರೆ ಸರಿ. ಅಡುಗೆಗೆ ಹಾಕ್ಬೇಡಿ, ಅದ್ರಲ್ಲಿ ಕಹಿ ಲವಣವೂ ಸೇರಿರ್ತದೆ. ಇದನ್ನ ಮಾತ್ರ ಅಜ್ಜನಮನೆಗೆ ಹೋಗೋ ಮೊದ್ಲೇ ಶುರು ಮಾಡಿ, ಮೇ ಕೊನೆಗೆ ಮೋಡ ಕಟ್ಟಿದ್ರೆ ತಟ್ಟೆ ಒಣಗೂದಿಲ್ಲ.